ಅತ್ತೆಗೆ ಸಿಗದ ಹೊಸ್ತಿಲು

ನಮ್ಮ ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ನಾನು ಮಂಡ್ಯದ ಲ್ಯಾಬಿನಲ್ಲಿ ಯಾರದೋ ರಕ್ತ ತೆಗೆಯುತ್ತಿದ್ದೆ. ಡ್ರಾಯರಿನೊಳಗೆ ಫೋನು ಗುಂಯ್‌ಗುಟ್ಟುತ್ತಲೇ ಇತ್ತು. ಕೈಯಲ್ಲಿ ಸೂಜಿ ಇರುವಾಗ ನಾನು ಫೋನು ಮುಟ್ಟುವುದಿಲ್ಲ. ಕೊನೆಗೆ ಎತ್ತಿದಾಗ ಗಂಡನ ದನಿ ಏದುಸಿರು ಬಿಡುತ್ತಿತ್ತು.

"ಮನೆ ಉರೀತಾ ಅದೆ, ಬಾ."

"ಅತ್ತೆ?"

"ಅವ್ವ ಆಚ್ಗೆ ಬಂದವ್ಳೆ. ಏನೂ ಆಗಿಲ್ಲ. ನೀನು ಬಾ ಮೊದ್ಲು."

ನಮ್ಮೂರು ಕೆರಗೋಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಆಕಾಶ ನೋಡುತ್ತಾ ಬಂದೆ. ಆಲೆಮನೆಯ ಹೊಗೆ ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು, "ಇಳ್ಯೋದು ಇಲ್ಲೇನಾ?" ಎಂದು ಕೇಳಿ ಕೇಳಿ ಸುಸ್ತಾಗಿ ಸುಮ್ಮನಾದಳು.

ನಾನು ಮುಟ್ಟುವ ಹೊತ್ತಿಗೆ ಬೆಂಕಿ ಆರಿತ್ತು. ಊರಿನವರು ಪಂಪ್‌ಸೆಟ್ಟಿನ ಪೈಪು ಎಳೆದು ತಂದು ನೀರು ಹೊಡೆದಿದ್ದರು. ಅಡುಗೆಮನೆಯ ಹೆಂಚು ಪೂರ್ತಿ ಕುಸಿದಿತ್ತು. ನಡುಮನೆಯ ಮಾಡು ಅರ್ಧ ಉಳಿದು, ಕರಿ ತೊಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಂದಿನ ಜಗಲಿ ಮತ್ತು ನಾವು ಮಲಗುವ ಕೋಣೆ ಮಾತ್ರ ಹೇಗೋ ಬಚಾವಾಗಿದ್ದವು. ಅತ್ತೆ ಎದುರುಮನೆಯ ಜಗಲಿಯ ಮೇಲೆ, ಸೆರಗನ್ನು ಮಡಿಲಲ್ಲಿ ಮುದ್ದೆ ಮಾಡಿಕೊಂಡು ಕುಳಿತಿದ್ದರು. ಮುಖಕ್ಕೆಲ್ಲ ಮಸಿ. ನನ್ನ ಹೆಜ್ಜೆ ಕೇಳುತ್ತಿದ್ದಂತೆ, "ಬಂದ್ಯಾ ಅಮ್ಮಿ?" ಎಂದರು.

ಎದುರುಮನೆಯಾಕೆಗೆ ಹೇಳಿದಷ್ಟೂ ಸಾಲದು. "ಆ ಹೊಗೇಲಿ ನಮ್ಗೆ ಬಾಗ್ಲೇ ಕಾಣ್ನಿಲ್ಲ ಕಣವ್ವ. ಗಂಡಸ್ರೇ ಒಳೀಕ್ಕೆ ನುಗ್ಗಕ್ಕೆ ಎದರಿದ್ರು. ನಿಮ್ಮತ್ತೆ ಮಾತ್ರ ಎಲೆ ಅಡ್ಕೆ ತರಕ್ಕೆ ಓದೋರ ಅಂಗೆ ಆರಾಮಾಗಿ ಆಚ್ಗೆ ಬಂದ್ರು. ಬಂದೋರು ಸುಮ್ಕಿರದು ಬುಟ್ಟು, ಗ್ಯಾಸ್ ಅದೆ ಅಂತ ಇನ್ನೊಂದ್ಸಲ ಒಳೀಕ್ಕೋಗಿ ಆಫ್ ಮಾಡ್ಬುಟ್ಟು ಬಂದ್ರು! ಏನ್ ಗುಂಡಿಗೆ!"

ಊರಿಗೆ ಊರೇ ಅತ್ತೆಯ ಗುಂಡಿಗೆಯನ್ನು ಹೊಗಳಿತು. ನಾನೂ ಹೊಗಳಿದೆ.

ಮಾರನೆಯ ದಿನ ಲೈನ್‌ಮ್ಯಾನ್ ಬಂದ. ಅಡುಗೆಮನೆಯ ಗೋಡೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಫ್ರಿಜ್ಜಿನ ಹಿಂದಿದ್ದ ಸಾಕೆಟ್ಟನ್ನು ಕೋಲಿನಿಂದ ಮೀಟಿ ತೋರಿಸಿದ. ಅದು ಮೇಣದ ಹಾಗೆ ಕರಗಿ ಗೋಡೆಗೆ ಅಂಟಿಕೊಂಡಿತ್ತು. "ಇಲ್ನೋಡಿ, ಇದೇ" ಎಂದ. ನಾವೆಲ್ಲ ಬಗ್ಗಿ ನೋಡಿದೆವು. ಅತ್ತೆಯೂ ನಮ್ಮ ಹಿಂದೆ ನಿಂತು ತಲೆ ಆಡಿಸಿದರು. ಅದನ್ನು ಯಾರೂ ಇನ್ನಷ್ಟು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆ ಸುಟ್ಟ ಅಡುಗೆಮನೆಯಲ್ಲಿ ನಿಂತಾಗ ನನ್ನೊಳಗೆ ಹುಟ್ಟಿದ್ದು ಬರೀ ದುಃಖವಾಗಿರಲಿಲ್ಲ. ಮಾಡು ಇಲ್ಲದ್ದರಿಂದ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ಕೋಣೆಯಲ್ಲಿ ನಾನು ಅಷ್ಟು ಬೆಳಕು ಕಂಡಿರಲಿಲ್ಲ. ಅದು ತಗ್ಗಿನ ಕೋಣೆ. ನಡುಮನೆಯಿಂದ ಒಂದು ಮೆಟ್ಟಿಲು ಇಳಿದು ಹೋಗಬೇಕು. ಮೂಲೆಯಲ್ಲಿ ಸೌದೆ ಒಲೆ, ಅದರ ಪಕ್ಕ ಗ್ಯಾಸು. ನೆಲದಲ್ಲೇ ಹೂತ ಒಳಕಲ್ಲು. ಗೋಡೆಯಲ್ಲಿ ಸಾಲಾಗಿ ಗೂಡುಗಳು. ಯಾವ ಗೂಡಿನಲ್ಲಿ ಏನಿರಬೇಕು ಎಂಬುದು ಅತ್ತೆಯ ಕಾನೂನು. ನಾನು ಒಂದು ಡಬ್ಬಿಯನ್ನು ಪಕ್ಕದ ಗೂಡಿಗೆ ಇಟ್ಟರೂ, "ಯಾರಮ್ಮಿ ಇದ್ನ ಇಲ್ಲಿ ಮಡಗಿದ್ದು?" ಎಂದು ಆಕಾಶ ಭೂಮಿ ಒಂದು ಮಾಡುತ್ತಿದ್ದರು. ನಾನು ಆ ಮನೆಯಲ್ಲಿ ಅಡುಗೆಗೆ ನೆರವಾಗುವ ನಂಟರ ಹುಡುಗಿಯಂತೆಯೇ ಉಳಿದುಬಿಟ್ಟಿದ್ದೆ. ಈಗ ಆ ಗೂಡುಗಳಲ್ಲೆಲ್ಲ ಬೂದಿ ತುಂಬಿತ್ತು. ಇಲ್ಲಿ ಒಂದು ದೊಡ್ಡ ಕಿಟಕಿ, ನಿಂತು ಅಡುಗೆ ಮಾಡುವ ಕಟ್ಟೆ, ಅದರ ಮೇಲೆ ಕಪ್ಪು ಕಲ್ಲು ಎಂದು ನನ್ನ ಮನಸ್ಸು ಆಗಲೇ ಕಟ್ಟತೊಡಗಿತ್ತು. ಹಿಂದೆ ಅತ್ತೆ ಕೆಮ್ಮಿದ್ದು ಕೇಳಿ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಬೆಚ್ಚಿಬಿದ್ದೆ.

ಮನೆ ಸರಿಯಾಗುವವರೆಗೆ ಅತ್ತೆ ಪೂರಿಗಾಲಿಯಲ್ಲಿ ನಾದಿನಿಯ ಮನೆಯಲ್ಲಿರಲಿ ಎಂದು ಹೇಳಿದವಳು ನಾನೇ. ಧೂಳು, ಮಸಿ, ಮೊದಲೇ ಅವರಿಗೆ ಕೆಮ್ಮು ಎಂದು ಗಂಡನಿಗೆ ಕಾರಣ ಕೊಟ್ಟೆ. ಆ ಕಾರಣ ಸುಳ್ಳಲ್ಲ. ಆದರೆ ಅವರು ಇಲ್ಲಿದ್ದರೆ ಗೂಡಿಗೆ ಗೂಡು, ಮೆಟ್ಟಿಲಿಗೆ ಮೆಟ್ಟಿಲು ಮೊದಲಿದ್ದ ಹಾಗೇ ಬರಬೇಕೆಂದು ಹಟ ಹಿಡಿಯುತ್ತಾರೆ ಎನ್ನುವುದೇ ನನ್ನ ನಿಜವಾದ ಚಿಂತೆಯಾಗಿತ್ತು. ಅವರೊಂದಿಗೆ ಜಗಳಕ್ಕೆ ತಯಾರಾಗಿಯೇ ಮಾತು ತೆಗೆದೆ. ಹಳೆ ಪೊರಕೆ ಬಿಸಾಡಿದರೂ ಜಗಳ ಕಾಯುವವರು ಅಂದು ಒಂದೇ ಮಾತಿಗೆ ಒಪ್ಪಿದರು.

"ಆಯ್ತು ಕಣಮ್ಮಿ, ಓಯ್ತೀನಿ. ನಿಮ್ಗೆ ಯಂಗ್ ಬೇಕೋ ಅಂಗೆ ಕಟ್ಕಳಿ. ನನ್ನ ಕೇಳ್ಬ್ಯಾಡಿ."

ಇಷ್ಟು ಸುಲಭವಾಗಿ ಯಾಕೆ ಒಪ್ಪಿದರು ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು ಅಂದೇ ಅವರ ಬಟ್ಟೆ ಗಂಟು ಕಟ್ಟಿದೆ.

ಸುಟ್ಟ ಮನೆಯನ್ನು ಮತ್ತೆ ಮನೆ ಮಾಡುವುದು ಹೊಸ ಮನೆ ಕಟ್ಟುವುದಕ್ಕಿಂತ ಕಷ್ಟ. ಕುಸಿದ ಹೆಂಚು, ಅರೆಬೆಂದ ರಾಗಿ ಮೂಟೆ, ಕರಗಿದ ಬಿಂದಿಗೆಗಳನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿ ಸಾಗಿಸಿದ ಮೇಲೂ ಮಸಿ ಉಳಿಯಿತು. ದಿನವೂ ಲ್ಯಾಬಿನಿಂದ ಬಂದವಳೇ ಹಳೆ ನೈಟಿ ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿ, ತಂತಿಯ ಬ್ರಷ್ಷಿನಲ್ಲಿ ಗೋಡೆ ಉಜ್ಜುತ್ತಿದ್ದೆ. ಗದ್ದೆಯಿಂದ ಬಂದ ಗಂಡ ಇನ್ನೊಂದು ಗೋಡೆಗೆ ನಿಲ್ಲುತ್ತಿದ್ದರು. ಮೂಗು ಸೀನಿದರೆ ಕಪ್ಪು. ಉಳಿದ ಕೋಣೆಯ ಬೀರುವಿನೊಳಗೆ ಮಡಿಸಿಟ್ಟ ರೇಷ್ಮೆ ಸೀರೆಗೂ ಹೊಗೆಯ ವಾಸನೆ ಹತ್ತಿತ್ತು. ಗೋಡೆಯ ಗಾರೆಯನ್ನು ಇಟ್ಟಿಗೆ ಕಾಣುವ ತನಕ ಕೆರೆದು, ತೊಳೆದು, ಒಣಗಿಸಿ, ಮತ್ತೆ ಸಿಮೆಂಟು ಬಳಿದರು. ಬಣ್ಣ ಹೊಡೆದ ಮೇಲೂ ಮಳೆ ಬಂದ ದಿನ ಒಂದು ಮೂಲೆಯಿಂದ ಸುಟ್ಟ ವಾಸನೆ ಎದ್ದು ಬರುತ್ತಿತ್ತು.

ನಡುಮನೆಯ ಮಧ್ಯದಲ್ಲಿ ಒಂದು ಮರದ ಕಂಬವಿತ್ತು. ಬೆಂಕಿ ಅದರ ಮೈಯನ್ನು ಮಾತ್ರ ನೆಕ್ಕಿತ್ತು. ಕೆರೆದು ಎಣ್ಣೆ ಹಚ್ಚಿದರೆ ಉಳಿಯುತ್ತದೆ ಎಂದು ಮೇಸ್ತ್ರಿ ಹೇಳಿದ. ಗಂಡನಿಗೂ ಉಳಿಸುವ ಆಸೆಯಿತ್ತು.

"ಅವ್ವನ್ನ ಒಂದು ಮಾತು ಕೇಳಾನ?" ಎಂದರು.

"ನನ್ನ ಕೇಳ್ಬ್ಯಾಡಿ ಅಂತ ಅವರೇ ಅಂದಿಲ್ವಾ? ಮೇಲೆ ಆರ್‌ಸಿಸಿ ಬರುತ್ತೆ, ಮಧ್ಯ ಕಂಬ ಯಾಕೆ?" ಎಂದೆ.

ಕಂಬ ಹೋಯಿತು. ಒಳಕಲ್ಲನ್ನು ಹಾರೆಯಿಂದ ಎಬ್ಬಿಸಿ ಹಿತ್ತಿಲಿಗೆ ಉರುಳಿಸಿದರು. ಅಡುಗೆಮನೆಯ ತಗ್ಗನ್ನು ತುಂಬಿ ಮಟ್ಟ ಮಾಡಿ, ಬಾಗಿಲನ್ನೂ ಬೆಳಕಿಗೆಂದು ಮೂಡಲಿಗೆ ತಿರುಗಿಸಿದೆವು. ಹಿತ್ತಿಲಲ್ಲಿದ್ದ ಬಚ್ಚಲು ಮನೆಯ ಒಳಗೇ ಬಂತು. ಹೆಬ್ಬಾಗಿಲ ಕಲ್ಲಿನ ಹೊಸ್ತಿಲು ಕಾವಿಗೆ ಸೀಳು ಬಿಟ್ಟಿತ್ತು. ಅದನ್ನು ಕಿತ್ತು, ಜಗಲಿಯಿಂದ ಹಿತ್ತಿಲವರೆಗೆ ಎಲ್ಲೂ ಏರುತಗ್ಗಿಲ್ಲದಂತೆ ಒಂದೇ ಸಮ ಟೈಲ್ಸ್ ಹಾಕಿಸಿದೆ. "ಅತ್ತೆಗೂ ವಯಸ್ಸಾಯ್ತು, ಎಡವೋದು ತಪ್ಪುತ್ತೆ" ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಹೇಳುತ್ತಾ ಹೇಳುತ್ತಾ ನಾನೂ ಅದನ್ನು ನಂಬಿದೆ.

ನಡುವೆ ಒಮ್ಮೆ ಪೂರಿಗಾಲಿಗೆ ಹೋಗಿದ್ದೆವು. ಅತ್ತೆ ಜಗಲಿಯ ಮೂಲೆಯಲ್ಲಿ ಕುಳಿತಿದ್ದರು. ಮನೆಯ ಬಗ್ಗೆ ನಾನು ಹೇಳಲು ಹೊರಟರೆ, "ಮಾಡು ಮುಚ್ಚಾಯ್ತಾ? ಸರಿ ಬುಡು" ಎಂದು ಅಷ್ಟಕ್ಕೇ ನಿಲ್ಲಿಸಿದರು. ನಾದಿನಿ ನಮ್ಮನ್ನು ಹಿತ್ತಿಲಿಗೆ ಕರೆದು, "ಅವ್ವ ಇಲ್ಲಿ ಕುಂತ್ರೆ ಕುಂತ್ಲು, ನಿಂತ್ರೆ ನಿಂತ್ಲು. ಒಂದು ಕಡ್ಡಿ ಎತ್ತಿ ಅತ್ತ ಮಡಗಲ್ಲ. ಮನೆ ಸುಟ್ಟೋದದ್ದು ಮನ್ಸಿಗೆ ತಗುಲ್ಕಂಡದೆ ಕಣತ್ತಿಗೆ" ಎಂದಳು. ಮನೆ ನೋಡಿದರೆ ಸರಿಯಾಗುತ್ತಾರೆ ಎಂದುಕೊಂಡೆವು.

ಹಾಲುಕ್ಕಿಸುವ ದಿನ ಅವರನ್ನು ಕಾರಿನಲ್ಲಿ ಕರೆತಂದೆವು. ನಮ್ಮ ಮಗಳೂ ಮೈಸೂರಿನ ಹಾಸ್ಟೆಲಿನಿಂದ ಬಂದಿದ್ದಳು. ಕೆರಗೋಡಿನ ನಂಟರೆಲ್ಲ ಜಗಲಿಯಲ್ಲಿ ಸೇರಿದ್ದರು. ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತರು. ಆಮೇಲೆ ಬಲಗಾಲನ್ನು ಮೊಳಕಾಲ ತನಕ ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿದರು. ಕಾಲು ನೆಲಕ್ಕೆ ದಪ್ಪೆಂದು ಬಿದ್ದು ಮುಗ್ಗರಿಸಿದರು. ಗಂಡ ಹಿಡಿದುಕೊಂಡರು. ನೆರೆದವರೆಲ್ಲ ಪ್ರೀತಿಯಿಂದಲೇ ನಕ್ಕರು. "ಅಜ್ಜಿ ಮನೆ ನೋಡಿ ದಂಗಾಗೋದ್ಲು ಕಣ್ಲಾ!" ಎಂದರು ಯಾರೋ. ನಾನೂ ನಕ್ಕೆ. ಅತ್ತೆಯೂ ನಕ್ಕರು.

"ಯಂಗದೆ ಅತ್ತೆ ಮನೆ?" ಎಂದೆ.

"ಚೆನ್ನಾಗದೆ ಕಣಮ್ಮಿ. ಬೋ ಚೆನ್ನಾಗದೆ" ಎಂದರು.

ನಂಟರು ಹೋದ ಮೇಲೆ ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು. ಆ ಕುರ್ಚಿಯೇ ಅವರ ಜಾಗವಾಯಿತು. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಅಲ್ಲಿರುತ್ತಿದ್ದರು, ಸಂಜೆ ಬಂದಾಗಲೂ ಅಲ್ಲೇ. ಹೊಸ ಅಡುಗೆಮನೆಗೆ ಒಮ್ಮೆಯೂ ಕಾಲಿಡಲಿಲ್ಲ. ಮುಚ್ಚಿಟ್ಟು ಹೋದ ಊಟ ಮುಚ್ಚಿದ ಹಾಗೇ ಇರುತ್ತಿತ್ತು. ನೀರು ಕೊಟ್ಟರೆ ಎರಡು ಗುಟುಕು ಕುಡಿದು ಲೋಟ ಕೆಳಗಿಡುತ್ತಿದ್ದರು. ಲ್ಯಾಬಿನಲ್ಲಿ ಬಂದವರಿಗೆಲ್ಲ ನೀರು ಚೆನ್ನಾಗಿ ಕುಡಿಯಿರಿ ಎಂದು ಉಪದೇಶ ಮಾಡುವ ನನಗೆ, ಈ ಹೆಂಗಸು ಯಾಕೆ ನೀರು ಕುಡಿಯುವುದಿಲ್ಲ ಎಂಬ ಪ್ರಶ್ನೆ ಏಳಲಿಲ್ಲ. ನನ್ನ ಅಡುಗೆಮನೆಯನ್ನು ಒಪ್ಪಲಾಗದೆ ಮುನಿಸು ತೋರಿಸುತ್ತಿದ್ದಾರೆ ಎಂದೇ ತೀರ್ಮಾನಿಸಿದ್ದೆ.

ಒಂದು ಸಂಜೆ ತಡೆಯಲಾರದೆ ಬಾಯಿ ಬಿಟ್ಟೆ. ಗಂಡ ಆಗಷ್ಟೇ ಕೈಕಾಲು ತೊಳೆಯಲು ಹೋಗಿದ್ದರು.

"ಮನೆ ಹಿಡಿಸಲಿಲ್ಲ ಅಂದ್ರೆ ಬಾಯಿ ಬಿಟ್ಟು ಹೇಳಿ ಅತ್ತೆ. ನೆಂಟ್ರು ಬಂದಂಗೆ ಹಿಂಗೆ ಬಾಗಿಲಲ್ಲಿ ಕುಂತಿದ್ರೆ ನೋಡ್ದೋರು ಏನಂತಾರೆ? ಸೊಸೆ ಮನೆ ಕಟ್ಟಿಸಿ ಅತ್ತೇನ ಆಚೆ ಕೂರ್ಸಿದ್ಲು ಅಂತಾರೆ. ಒಂದು ದಿನಾನಾದ್ರೂ ಎದ್ದು ಒಳಗೆ ಬಂದು ನೋಡಿದ್ರಾ?"

"ನಾನೇನಂದೆ ಕಣಮ್ಮಿ? ಚೆನ್ನಾಗದೆ ಅಂತ್ಲೇ ಅಂದೆ" ಎಂದು ನನ್ನ ಹೆಗಲಾಚೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು. ನನ್ನ ಮುಖ ನೋಡಲೂ ಇಷ್ಟವಿಲ್ಲ ಎಂದುಕೊಂಡು ಇನ್ನೂ ಎರಡು ಮಾತು ಆಡಿದೆ. ಆ ಮಾತುಗಳನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಅವರು ತಿರುಗಿ ಮಾತಾಡಲಿಲ್ಲ. ಮೊದಲಿನ ಅತ್ತೆಯಾಗಿದ್ದರೆ ನನ್ನ ತವರನ್ನೂ ಸೇರಿಸಿ ಜಾಡಿಸುತ್ತಿದ್ದರು.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಮೂಡಲ ಕಿಟಕಿಯ ಬಿಸಿಲು ನಡುಮನೆಯ ತನಕ ಚಾಚಿತ್ತು. ಅತ್ತೆ ಕುರ್ಚಿಯಿಂದ ಎದ್ದು, ಗೋಡೆ ಸವರುತ್ತಾ ಬಚ್ಚಲಿಗೆ ಹೋದದ್ದು ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಹೊರಬರಲು ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ಯಾವ ಸದ್ದೂ ಇಲ್ಲ. ಏನಾಯಿತೆಂದು ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನೋಡಿದೆ.

ಅವರು ನಡುಮನೆಯ ಮಧ್ಯದಲ್ಲಿ, ಬಿಸಿಲಿನ ಒಳಗೇ ನಿಂತಿದ್ದರು. ಎರಡೂ ಕೈಗಳು ಸೊಂಟದ ಮಟ್ಟಕ್ಕೆ ಎದ್ದು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದೆ ತೆಗೆದರು. ಕಂಬವಿದ್ದ ಜಾಗ ಅದು. ಅವರ ಮುಖ ನೇರವಾಗಿ ನನ್ನ ಕಡೆಗೇ ಇತ್ತು. ಕಣ್ಣುಗಳು ತೆರೆದಿದ್ದವು.

"ಯಾರಾದ್ರೂ ಇದ್ದೀರಾ?" ಎಂದು ಮೆಲ್ಲಗೆ ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಅರ್ಥವಾಗಲಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತೇನೆ. ಅರ್ಥವಾದದ್ದರಿಂದಲೇ ಬಾಯಿ ಬರಲಿಲ್ಲ ಎಂದರೆ ಹೆಚ್ಚು ನಿಜ. ಅವರು ಇನ್ನೊಮ್ಮೆ, "ಯಾರೂ ಇಲ್ವಾ?" ಎಂದರು. ಆ ದನಿ ಅತ್ತೆಯದಲ್ಲ, ಸಂತೆಯಲ್ಲಿ ಕೈ ತಪ್ಪಿದ ಮಗುವಿನದು. ಆಗ ಓಡಿಹೋಗಿ ಕೈ ಹಿಡಿದೆ.

"ಅಲ್ಲೇ ಇದ್ದೆಯಾ ಅಮ್ಮಿ?" ಎಂದರು. ನಾಚಿಕೆಯಿಂದ ಅವರ ಮುಖ ಕೆಂಪಾಯಿತು. ಕೆಂಪಾಗಬೇಕಾದ್ದು ನನ್ನ ಮುಖ.

ಮಾರನೆಯ ದಿನವೇ ಮಂಡ್ಯದ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿಹೋಗಿದೆ, ಇದು ನಿನ್ನೆ ಮೊನ್ನೆಯದಲ್ಲ, ವರ್ಷಗಳಿಂದ ಆಗುತ್ತಾ ಬಂದದ್ದು, ಹೋದ ನೋಟ ಬರುವುದಿಲ್ಲ ಎಂದರು. ಎಡಗಣ್ಣಿನಲ್ಲಿ ಉಳಿದಿರುವ ಒಂದಿಷ್ಟು ಬೆಳಕು ಕತ್ತಲೆಯ ವ್ಯತ್ಯಾಸ ಉಳಿಸಿಕೊಳ್ಳಲು ಹನಿ ಔಷಧಿ ಬರೆದುಕೊಟ್ಟರು. "ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ?" ಎಂದು ಕೇಳಿದಾಗ ಅವರು ನೋಡಿದ್ದು ನನ್ನನ್ನು. ನಾನು ಎಲ್ಲಿ ಕೆಲಸ ಮಾಡುವುದು ಎಂದು ಆಗಷ್ಟೇ ಹೇಳಿದ್ದೆ.

ಗೊತ್ತಾಗುವಂಥದ್ದು ಎಷ್ಟೊಂದಿತ್ತು. ಟೀವಿ ನೋಡುವುದನ್ನು ಬಿಟ್ಟು, "ಬರೀ ಅಳೋದು, ಕೇಳುಸ್ಕೊಂಡ್ರೆ ಸಾಕು" ಎನ್ನುತ್ತಿದ್ದರು. ಮದುವೆ ಮುಂಜಿಗೆ ಹೋಗುವುದು ನಿಂತಿತ್ತು. ದುಡ್ಡು, ಬೀಗದ ಕೈ ಏನು ಕೊಟ್ಟರೂ "ಅಲ್ಲಿ ಮಡಗು" ಎನ್ನುತ್ತಿದ್ದರು. ಡಬ್ಬಿ ಜಾಗ ಬದಲಾದರೆ ಅಷ್ಟು ಸಿಟ್ಟು ಯಾಕೆ ಬರುತ್ತಿತ್ತು ಎಂಬುದೂ ಆಗ ತಿಳಿಯಿತು. ಅದನ್ನು ನಾನು ಇಷ್ಟು ದಿನ ಅತ್ತೆತನ ಎಂದುಕೊಂಡಿದ್ದೆ. ಹೊಸ ಮನೆಯಲ್ಲಿ ನೀರು ಎರಡೇ ಗುಟುಕು ಕುಡಿಯುತ್ತಿದ್ದದ್ದು ಬಚ್ಚಲಿನ ದಾರಿ ಹುಡುಕಬೇಕಾಗುತ್ತದೆಂದು. ಹೊಗೆಯಲ್ಲಿ ಊರವರಿಗೆ ಕಾಣದ ಬಾಗಿಲು ಅವರಿಗೆ ಸಿಕ್ಕಿದ್ದು ಗುಂಡಿಗೆಯಿಂದಲ್ಲ. ಹೊಗೆ ಇದ್ದರೂ ಇಲ್ಲದಿದ್ದರೂ ಅವರಿಗೆ ಆ ಮನೆ ಒಂದೇ ಆಗಿತ್ತು. ಕಂಬದಿಂದ ಗೋಡೆಗೆ, ಗೋಡೆಯಿಂದ ಮೆಟ್ಟಿಲಿಗೆ, ಹೊಸ್ತಿಲಿಗೆ ಎಂದು ಕೈಕಾಲಿನಲ್ಲೇ ನೋಡುತ್ತಿದ್ದರು. ಬೆಂಕಿ ಅದರಲ್ಲಿ ಅರ್ಧವನ್ನು ಉಳಿಸಿತ್ತು. ಉಳಿದದ್ದನ್ನು ಕೀಳಿಸಿದವಳು ನಾನು.

ಬರುವಾಗ ಬಸ್ಸಿನಲ್ಲಿ ಗಂಡ ಮುಂದಿನ ಸೀಟಿನಲ್ಲಿ ಕುಳಿತು ಒಮ್ಮೆಯೂ ಹಿಂದೆ ತಿರುಗಲಿಲ್ಲ. ನಾನು ಅತ್ತೆಯ ಪಕ್ಕದಲ್ಲಿದ್ದೆ.

"ಯಾಕೆ ಅತ್ತೆ ಹೇಳ್ನಿಲ್ಲ?"

"ಯೋಳಿದ್ರೆ ಒಲೆ ತಾವ್ಕೆ ಬುಡ್ತಿದ್ರಾ ನನ್ನ? ಕುರ್ಚಿ ಮೇಲೆ ಕೂರುಸ್ತಿದ್ರಿ" ಎಂದರು. ಕೂರಿಸಿಯಾಗಿತ್ತಲ್ಲ. ಬಸ್ಸು ಇನ್ನಷ್ಟು ದೂರ ಹೋದ ಮೇಲೆ ಅವರೇ ನನ್ನ ಮಣಿಕಟ್ಟು ಹಿಡಿದು, ಗಂಡನಿಗೆ ಕೇಳದ ಹಾಗೆ ದನಿ ತಗ್ಗಿಸಿ ಹೇಳಿದರು.

"ಯೋಳದಿದ್ದುದ್ದು ತಪ್ಪೇ ಆಯ್ತು. ಯೋಳಿದ್ರೆ ಮನೆನಾದ್ರೂ ಉಳೀತಿತ್ತು."

"ಅಂದ್ರೆ?"

"ಬೆಳಗ್ಗೆ ಒಲೆ ಆರಿಸ್ದೆ ಅನ್ಕಂಡು ಎದ್ದೋದೆ ಕಣಮ್ಮಿ. ಕೆಂಡ ಇತ್ತೇನೋ, ಕೈಯೊರಸೋ ಬಟ್ಟೆ ಪಕ್ಕದಲ್ಲೇ ಇತ್ತೇನೋ. ನಂಗೆಲ್ಲಿ ಕಾಣ್ಬೇಕು? ನಾನೇ ಅಲ್ವಾ ಸುಟ್ಟಿದ್ದು? ನೀವು ಯಾರೂ ಒಂದು ಮಾತು ಅನ್ನಿಲ್ಲ. ಕರೆಂಟು ಕರೆಂಟು ಅಂತ ಊರ್ಗೆಲ್ಲ ಯೋಳುದ್ರಿ. ಆ ಋಣ ಯಾವತ್ತು ತೀರುಸ್ಲಿ ನಾನು?"

ಆ ದಿನ ಲೈನ್‌ಮ್ಯಾನ್ "ಇಲ್ನೋಡಿ" ಎಂದು ತೋರಿಸಿದ್ದು, ನಾವು ಬಗ್ಗಿ ನೋಡಿದ್ದು, ಹಿಂದೆ ನಿಂತು ಅವರು ತಲೆಯಾಡಿಸಿದ್ದು ಎಲ್ಲವೂ ಕಣ್ಣಿಗೆ ಕಟ್ಟಿತು. ಅವನು ತಮ್ಮ ಒಲೆಯನ್ನೇ ತೋರಿಸುತ್ತಿದ್ದಾನೆ ಎಂದು ಅತ್ತೆ ತಿಳಿದಿದ್ದರು. ಒಂದೇ ಮಾತಿಗೆ ಪೂರಿಗಾಲಿಗೆ ಹೊರಟದ್ದು, ನನ್ನ ಕೇಳಬೇಡಿ ಎಂದದ್ದು, ನಾನು ಅಂದದ್ದೆಲ್ಲವನ್ನೂ ಅನ್ನಿಸಿಕೊಂಡು ಸುಮ್ಮನೆ ಕುಳಿತದ್ದು ಆ ಕಾರಣಕ್ಕೆ. ಮನೆ ಸುಟ್ಟವಳು ಮನೆ ಹೀಗಿರಲಿ ಹಾಗಿರಲಿ ಎಂದು ಯಾವ ಬಾಯಲ್ಲಿ ಹೇಳುವುದು ಎಂದು ಅವರು ಬಾಯಿ ಹೊಲಿದುಕೊಂಡಿದ್ದರು. ಆ ಮೌನದಲ್ಲಿ ನಾನು ನನಗೆ ಬೇಕಾದ ಕಿಟಕಿ ಇಡಿಸಿಕೊಂಡಿದ್ದೆ.

"ಇಲ್ಲ ಅತ್ತೆ, ನಿಮ್ಮ ಒಲೆ ಅಲ್ಲ. ಫ್ರಿಜ್ಜಿನ ಹಿಂದೆ ಸಾಕೆಟ್ಟು ಕರಗಿತ್ತು. ನಾವೆಲ್ಲ ನೋಡಿದ್ವಿ. ಆಣೆ ಮಾಡಿ ಹೇಳ್ತೀನಿ" ಎಂದೆ.

"ಆಯ್ತು ಬುಡು" ಎಂದು ನನ್ನ ಕೈ ತಟ್ಟಿದರು. ನಂಬಲಿಲ್ಲ.

ತೋರಿಸಲು ಆ ಸಾಕೆಟ್ಟು ಇರಲಿಲ್ಲ, ಹೆಂಚಿನ ಚೂರುಗಳ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗಿತ್ತು. ಇದ್ದಿದ್ದರೆ ಅವರ ಕೈಯಲ್ಲಿಟ್ಟು ಮುಟ್ಟಿಸಬಹುದಿತ್ತು. ಗಂಡ ಆ ಲೈನ್‌ಮ್ಯಾನನ್ನೇ ಹುಡುಕಿ ಕರೆತಂದರು. ಅವನು ಅತ್ತೆಯ ಕುರ್ಚಿಯ ಮುಂದೆ ನೆಲದಲ್ಲಿ ಕುಳಿತು, ಫ್ರಿಜ್ಜು ಎಲ್ಲಿತ್ತು, ಒಲೆ ಎಲ್ಲಿತ್ತು, ಗೋಡೆ ಎಲ್ಲಿ ಹೆಚ್ಚು ಸುಟ್ಟಿತ್ತು ಎಂದು ಬಿಡಿಬಿಡಿಯಾಗಿ ಹೇಳಿದ. "ನಿಮ್ ಒಲೆ ತಾವ ಇದ್ದ ಸೌದೆನೇ ಅರ್ಧ ಉಳಿದಿತ್ತು ಕಣಜ್ಜಿ. ಅಲ್ಲಿ ಸುರುವಾಗಿದ್ರೆ ಅದು ಉಳೀತಿತ್ತಾ?" ಎಂದ.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಅವನ ತಲೆ ಸವರಿ, "ನೀನೂ ಒಳ್ಳೆ ಮಗ ಕಣಪ್ಪ. ಕಾಪಿ ಕುಡ್ಕಂಡೋಗು" ಎಂದರು. ಅವನು ನನ್ನ ಮುಖ ನೋಡಿದ. ನಾನು ಕಾಫಿ ಇಡಲು ಎದ್ದೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಗಂಡ ಮುದ್ದೆ ಮುರಿಯುತ್ತಾ ಒಂದೇ ಮಾತು ಹೇಳಿದರು. "ಕಂಬ ಉಳುಸ್ಬೋದಾಗಿತ್ತು." ನನ್ನನ್ನು ಬೈಯಲು ಹೇಳಿದ್ದಲ್ಲ. ಒಪ್ಪಿದ್ದು ತಾವೂ ಎಂದು ಅವರಿಗೆ ಗೊತ್ತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೇಸ್ತ್ರಿಯನ್ನು ಮತ್ತೆ ಕರೆಸಿದೆವು. ಹೊಸ ಟೈಲ್ಸ್ ಒಡೆಯಲು ಅವನಿಗೆ ಮನಸ್ಸು ಬರಲಿಲ್ಲ. "ಏನವ್ವ, ನೀವೇ ಮಟ್ಟ ಬೇಕು ಅಂದ್ರಲ್ಲ?" ಎಂದ. "ಈಗ ಬೇಡ ಅಂತಿದ್ದೀನಿ" ಎಂದೆ. ಹೆಬ್ಬಾಗಿಲಿಗೆ ಹೊಸ ಕಲ್ಲಿನ ಹೊಸ್ತಿಲು ಬಂತು. ನಡುಮನೆಯ ಗೋಡೆಗೆ ಬಚ್ಚಲ ತನಕ ಹಿಡಿದು ನಡೆಯುವ ಕೈಹಿಡಿ ಕಂಬಿ ಹಾಕಿಸಿದೆವು. ಕಂಬ ಮಾತ್ರ ಸಿಗಲಿಲ್ಲ, ಅದನ್ನು ಮೇಸ್ತ್ರಿ ಯಾರಿಗೋ ಕೊಟ್ಟಿದ್ದ, ಅವರು ಸೀಳಿ ಸೌದೆ ಮಾಡಿಯಾಗಿತ್ತು. ಅದೇ ಜಾಗದಲ್ಲಿ ಕಬ್ಬಿಣದ ಪೈಪೊಂದನ್ನು ನಿಲ್ಲಿಸಿ ಗಂಡ ಹಗ್ಗ ಸುತ್ತಿದರು. ಅತ್ತೆ ಅದನ್ನು ಮುಟ್ಟಿ, "ಇದೇನ್ಲಾ, ದನ ಕಟ್ಟಾಕೆ ನಿಲ್ಸಿದ್ದೀಯಾ?" ಎಂದರು. ಎಷ್ಟೋ ತಿಂಗಳ ಮೇಲೆ ಅವರ ಹಳೆಯ ದನಿ ಕೇಳಿತು. ಗಂಡ ನಗುತ್ತಲೇ ಹಿತ್ತಿಲ ಕಡೆಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಆದರೂ ಹಳೆ ಮನೆ ಹಿಂದಕ್ಕೆ ಬರಲಿಲ್ಲ. ಒಂದೊಂದು ವಸ್ತು ಮರಳಿ ಇಟ್ಟರೂ ಅವುಗಳ ನಡುವಿನ ದೂರ ಬೇರೆಯಾಗಿತ್ತು. ಬೆಳಿಗ್ಗೆ ಬಸ್ಸಿಗೆ ಮುಂಚೆ ನಾನು ಅವರ ಕೈ ಹಿಡಿದು ಮನೆ ಸುತ್ತಿಸುತ್ತಿದ್ದೆ. ಅವರು ಬಾಯಲ್ಲೇ ಗುರುತು ಹೇಳಿಕೊಳ್ಳುತ್ತಾ ನಡೆಯುತ್ತಿದ್ದರು. ಕೆಲವು ದಿನ, "ಇವತ್ತು ಬ್ಯಾಡ ಬುಡು, ತಲೆ ಕೆಟ್ಟೋಯ್ತದೆ" ಎಂದು ಕುರ್ಚಿಗೆ ಮರಳುತ್ತಿದ್ದರು. ನಾನು ಕಸ ಗುಡಿಸುವಾಗ ಸರಿಸಿದ ಸ್ಟೂಲನ್ನು ಮರಳಿ ಇಡುವುದು ಮರೆತು, ಅವರು ಎಡವಿ ಮೊಣಕಾಲು ಊದಿಸಿಕೊಂಡರು. ಆ ದಿನ ಲ್ಯಾಬಿನಲ್ಲಿ ಒಬ್ಬರಿಗೆ ಎರಡು ಸಲ ಸೂಜಿ ಚುಚ್ಚಬೇಕಾಯಿತು, ನರ ಸಿಗಲಿಲ್ಲ.

ಈಚೆಗೆ ಒಂದು ಭಾನುವಾರ ಅತ್ತೆ ಕೈಹಿಡಿಯ ಗುಂಟ ನಡೆದು, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮೊದಲ ಸಲ ಅವರಾಗಿ ಬಂದದ್ದು.

"ಈ ಕಡೆಯಿಂದ ಬಿಸಿ ಬತ್ತದಲ್ಲ, ಕಿಟಕಿನಾ?"

"ಹೂಂ ಅತ್ತೆ. ದೊಡ್ಡದು."

"ನಿಂಗೆ ಹಿಡುಸ್ತಾ ಅಡುಗೆಮನೆ?"

ಇಲ್ಲ, ಹಳೆಯದೇ ಚೆನ್ನಾಗಿತ್ತು ಎಂದು ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಅವರಿಗೆ ಸಮಾಧಾನ ಕೊಡುತ್ತಿತ್ತೋ ಏನೋ. ಆದರೆ ಸುಳ್ಳು. ಇಷ್ಟೆಲ್ಲ ಆದ ಮೇಲೂ ಬೆಳಿಗ್ಗೆ ಎದ್ದು ಆ ಕಟ್ಟೆಯ ಮುಂದೆ ನಿಂತು ಕಿಟಕಿ ತೆರೆದರೆ ನನ್ನ ಮನಸ್ಸು ಅರಳುತ್ತದೆ. ಅದನ್ನು ತಡೆಯಲು ನನ್ನಿಂದ ಆಗಿಲ್ಲ.

"ಹಿಡಿಸಿದೆ ಅತ್ತೆ" ಎಂದೆ.

ನಾನು ಒಲೆಯ ಉರಿ ಸಣ್ಣ ಮಾಡಿ ಕಾದೆ.

"ಸರಿ ಅಂಗಾದ್ರೆ" ಎಂದು ಒಳಗೆ ಕಾಲಿಟ್ಟು, ಕಟ್ಟೆಯ ಅಂಚನ್ನು ಅಂಗೈಯಲ್ಲಿ ಸವರಿದರು. "ಉಪ್ಪು ಎಲ್ಲಿ ಮಡಗಿದ್ದೀಯ? ತೋರ್ಸು."